ಎರಡು ದಿನದ ಡಕ್ಟ್ ಕ್ಲೀನಿಂಗ್ ಕೋರ್ಸಿಗೆ 28 ಸಾವಿರ ಕಟ್ಟಲಾ? ಕೊಡಗಿನವರು ಯಾರಾದರೂ ಈ ಕೆಲಸದಲ್ಲಿದ್ದೀರಾ?

ಸೋಮವಾರಪೇಟೆ ಹುಡುಗ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಪಿಯುಸಿ ಆಗಿದೆ. ಎರಡು ವರ್ಷದಿಂದ ಕುಶಾಲನಗರದಲ್ಲಿ ಎಸಿ ರಿಪೇರಿ ಮಾಡುವ ಅಣ್ಣನೊಬ್ಬರ ಜೊತೆ ಹೆಲ್ಪರ್ ಆಗಿದ್ದೇನೆ. ಸ್ಪ್ಲಿಟ್ ಎಸಿ ಬಿಚ್ಚುವುದು, ತೊಳೆಯುವುದು, ಗ್ಯಾಸ್ ತುಂಬುವಾಗ ಜೊತೆಗಿರುವುದು, ಇಷ್ಟು ಬರುತ್ತದೆ.

ಹೋದ ತಿಂಗಳು ಒಂದು ರೆಸಾರ್ಟಿಗೆ ಸರ್ವಿಸಿಗೆ ಹೋಗಿದ್ದೆವು. ಅಲ್ಲಿ ಬೆಂಗಳೂರಿನಿಂದ ಬಂದಿದ್ದ ನಾಲ್ಕು ಜನ ಕಾನ್ಫರೆನ್ಸ್ ಹಾಲಿನ ಡಕ್ಟ್, ಅಂದರೆ ಎಸಿ ಗಾಳಿ ಹೋಗುವ ತಗಡಿನ ಕೊಳವೆ, ಕ್ಲೀನ್ ಮಾಡುತ್ತಿದ್ದರು. ದೊಡ್ಡ ಮೆಷಿನ್, ಉದ್ದನೆಯ ಬ್ರಷ್, ತುದಿಯಲ್ಲಿ ಕ್ಯಾಮೆರಾ. ಡಕ್ಟ್ ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತಿತ್ತು. ನಮ್ಮಣ್ಣ ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲ, ನೋಡುತ್ತಾ ನಿಂತುಬಿಟ್ಟಿದ್ದೆ. ಆವತ್ತಿನಿಂದ ಇದನ್ನೇ ಕಲಿಯಬೇಕು ಅಂತ ಮನಸ್ಸು.

ಈಗ ಫೋನಿನಲ್ಲಿ ಒಂದು ಜಾಹೀರಾತು ಬಂದಿದೆ. ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ, ಫೀಸು 28 ಸಾವಿರ, ಕೊನೆಗೆ 'ಅಂತರರಾಷ್ಟ್ರೀಯ ಸರ್ಟಿಫಿಕೇಟ್'. ಗಲ್ಫಿನಲ್ಲಿ ಕೆಲಸ ಗ್ಯಾರಂಟಿ ಅಂತ ಬರೆದಿದ್ದಾರೆ. ಒಳ್ಳೆ ರೇಟು ಬರಲಿ ಅಂತ ಅಮ್ಮ ಎತ್ತಿಟ್ಟಿದ್ದ ಕರಿಮೆಣಸನ್ನು ಮಾರಿ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಬೇಕಂತೆ. ಗೊತ್ತಿರುವವರು ದಯವಿಟ್ಟು ಹೇಳಿ.


ವಿರಾಜಪೇಟೆ ಟೌನ್ · ಸೋಮವಾರ, ರಾತ್ರಿ 9:32

ಕೊಡಗಿನಲ್ಲಿ ಇದಕ್ಕೆ ಕೆಲಸ ಎಲ್ಲಿದೆ? ನಮ್ಮ ಮನೆಗಳಲ್ಲಿ ವರ್ಷಕ್ಕೆ ಎರಡು ತಿಂಗಳು ಫ್ಯಾನ್ ತಿರುಗಿದರೆ ಜಾಸ್ತಿ. ಸೆಂಟ್ರಲ್ ಎಸಿ ಇರುವ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದು. ಎಲೆಕ್ಟ್ರಿಕಲ್ ಕೆಲಸ ಕಲಿ, ದಿನಾ ಊಟಕ್ಕೆ ಮೋಸವಿಲ್ಲ.


ನಾಪೋಕ್ಲು ಮೇಸ್ತ್ರಿ · ಸೋಮವಾರ, ರಾತ್ರಿ 10:45

ತಮ್ಮಾ, ಮೆಣಸು ಮಾರಬೇಡ. ಶುಕ್ರವಾರ ಸುಮ್ನೆ ಕಳೆದುಹೋಗಲಿ.

ನಾನು ಈ ಕೆಲಸಕ್ಕೆ ಬಂದು 14 ವರ್ಷ. ಐದು ವರ್ಷ ಗಲ್ಫ್, ಆಮೇಲೆ ಬೆಂಗಳೂರು, ಈಗ ಮೈಸೂರು ಮತ್ತು ಕೊಡಗಿನಲ್ಲಿ ನನ್ನದೇ ಸಣ್ಣ ಟೀಮು. ಶುರುವಿನಲ್ಲಿ ನಾನೂ ಒಂದು ಕಡೆ ದುಡ್ಡು ಕಟ್ಟಿದ್ದೆ. ಮೂರು ದಿನ ಗೋಡೆಯ ಮೇಲೆ ಚಿತ್ರ ತೋರಿಸಿದರು. ಒಂದು ಸಲವೂ ಬ್ರಷ್ ಕೈಗೆ ಕೊಡಲಿಲ್ಲ. ಕೊನೆಯ ದಿನ ಬಂಗಾರದ ಬಣ್ಣದ ಸೀಲು ಹೊಡೆದ ಕಾಗದ ಕೊಟ್ಟರು. ಆ ಕಾಗದವನ್ನು ಇವತ್ತಿನವರೆಗೆ ಯಾವ ಕಂಪನಿಯವರೂ ಕೇಳಿಲ್ಲ. ಅಪ್ಪ ಶುಂಠಿ ಮಾರಿ ಕೊಟ್ಟ ದುಡ್ಡು ಅದು. ಅದಕ್ಕೇ ನಿನ್ನ ಪೋಸ್ಟ್ ನೋಡಿ ಸುಮ್ಮನಿರಲು ಆಗಲಿಲ್ಲ.

ಈ ಕೆಲಸದಲ್ಲಿ ಎಲ್ಲ ಕಡೆ ಹೆಸರು ಕೇಳಿಬರುವುದು ಅಮೆರಿಕದ ನ್ಯಾಡ್ಕಾ ಸಂಘದ್ದು. ನ್ಯಾಷನಲ್ ಏರ್ ಡಕ್ಟ್ ಕ್ಲೀನರ್ಸ್ ಅಸೋಸಿಯೇಷನ್, 1989ರಲ್ಲಿ ಶುರುವಾಗಿದ್ದು. ಅವರ ಮುಖ್ಯ ಸರ್ಟಿಫಿಕೇಟ್ ಎಎಸ್‌ಸಿಎಸ್, ಅಂದರೆ ಏರ್ ಸಿಸ್ಟಮ್ಸ್ ಕ್ಲೀನಿಂಗ್ ಸ್ಪೆಷಲಿಸ್ಟ್. ಪರೀಕ್ಷೆ ಬರೆದು ಪಾಸಾದವರಿಗೆ ಮಾತ್ರ ಅದು ಸಿಗುತ್ತದೆ. ಆಮೇಲೂ ಕಲಿಯುತ್ತಾ, ನವೀಕರಣ ಮಾಡಿಸುತ್ತಾ ಇರಬೇಕು. ಸಿಸ್ಟಮ್ ಪರಿಶೀಲನೆ ಮಾಡುವವರಿಗೆ ಸಿವಿಐ ಅಂತ ಇನ್ನೊಂದಿದೆ. ಬೂಷ್ಟು ತೆಗೆಯುವ ಕೆಲಸಕ್ಕೆ ವಿಎಸ್‌ಎಂಆರ್ ಅಂತ ಮತ್ತೊಂದು.

ಇಲ್ಲಿ ಜನ ಮೋಸ ಹೋಗುವ ಜಾಗ ಒಂದಿದೆ. ಕಂಪನಿ ನ್ಯಾಡ್ಕಾ ಸದಸ್ಯ ಆಗಿರುವುದು ಬೇರೆ. ಒಬ್ಬ ವ್ಯಕ್ತಿ ಎಎಸ್‌ಸಿಎಸ್ ಪಾಸಾಗಿರುವುದು ಬೇರೆ. ಕಂಪನಿ ಸದಸ್ಯ ಆಗಬೇಕಾದರೆ ಅದರಲ್ಲಿ ಎಎಸ್‌ಸಿಎಸ್ ಪಾಸಾದವರು ಇರಬೇಕು. ಹಾಗಂತ ಆ ಕಂಪನಿ ಪಾಠ ಹೇಳಿ ಕೊಡುವ ಕಾಗದ ಎಎಸ್‌ಸಿಎಸ್ ಆಗುವುದಿಲ್ಲ. ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು ನ್ಯಾಡ್ಕಾ ಮಾತ್ರ. ಆ ಜಾಹೀರಾತಿನವರಿಗೆ ಫೋನ್ ಮಾಡಿ ಕೇಳು: ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಹೆಸರೇನು, ಪರೀಕ್ಷೆ ಯಾರು ನಡೆಸುತ್ತಾರೆ, ನನ್ನ ಹೆಸರು ಯಾವ ಪಟ್ಟಿಯಲ್ಲಿ ಬರುತ್ತದೆ. ಉತ್ತರ ತೊದಲಿದರೆ ಅಲ್ಲಿಗೇ ಬಿಟ್ಟುಬಿಡು.

ಇನ್ನೊಂದು ಸಂಗತಿ. ನಾನು ಗಲ್ಫಿನಲ್ಲಿದ್ದಾಗ ನಮ್ಮ ಟೀಮಿನ 20 ಜನರಲ್ಲಿ ಎಎಸ್‌ಸಿಎಸ್ ಇದ್ದಿದ್ದು ಸೂಪರ್‌ವೈಸರ್ ಒಬ್ಬರಿಗೆ. ಉಳಿದವರನ್ನು ತೆಗೆದುಕೊಂಡಿದ್ದು ಎಸಿ ಕೆಲಸ ಬರುತ್ತದೆ ಅಂತ, ತಗಡಿನ ಕೆಲಸ ಬರುತ್ತದೆ ಅಂತ, ಇಲ್ಲ ಎತ್ತರದಲ್ಲಿ ಹೆದರದೆ ಕೆಲಸ ಮಾಡುತ್ತಾರೆ ಅಂತ. ಮೊದಲು ಕೈ ಪಳಗಲಿ. ಎಎಸ್‌ಸಿಎಸ್ ಆಮೇಲೆ ಬರೆಯಬಹುದು, ಆಗ ಓದಿದ್ದು ಅರ್ಥವೂ ಆಗುತ್ತದೆ.


ಐಟಿಐ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:50

ಮೇಸ್ತ್ರಿಗಳು ಹೇಳಿದ್ದು ಸರಿ. ನಾನು 27 ವರ್ಷ ಐಟಿಐಯಲ್ಲಿ ಪಾಠ ಮಾಡಿ ನಿವೃತ್ತನಾದವನು. ನನ್ನ ಕಡೆಯಿಂದ ಒಂದಿಷ್ಟು.

ನಮ್ಮ ದೇಶದಲ್ಲಿ ಈ ದಾರಿಗೆ ಬುನಾದಿ ಅಂದರೆ ಐಟಿಐಯ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್. ನಮ್ಮ ಕಾಲದಲ್ಲಿ ಎಂಆರ್‌ಎಸಿ ಅನ್ನುತ್ತಿದ್ದೆವು. ಎರಡು ವರ್ಷ. ಎಸೆಸೆಲ್ಸಿ ಪಾಸಾಗಿದ್ದರೆ ಸಾಕು. ಗಾಳಿ ಹೇಗೆ ಹರಿಯುತ್ತದೆ, ಎಷ್ಟು ಒತ್ತಡ, ಗಾಳಿ ತಣ್ಣಗೆ ಮಾಡುವ ಕಾಯಿಲ್ ಮೇಲೆ ನೀರು ಯಾಕೆ ಕೂರುತ್ತದೆ, ಗಾಳಿ ತಳ್ಳುವ ಬ್ಲೋವರ್ ಎತ್ತ ತಿರುಗಬೇಕು, ಇದೆಲ್ಲ ಅಲ್ಲಿ ತಲೆಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಡಕ್ಟ್ ಕ್ಲೀನ್ ಮಾಡುವವರು ಕೊಳೆ ತೆಗೆಯುತ್ತಾರೆ, ಕೊಳೆ ಯಾಕೆ ಬಂತು ಅಂತ ಹೇಳಲಾರರು.

ಹೆಚ್ಚು ಜನ ಗಮನಿಸದ ಇನ್ನೊಂದು ಟ್ರೇಡ್ ಇದೆ. ಶೀಟ್ ಮೆಟಲ್ ವರ್ಕರ್, ಒಂದೇ ವರ್ಷದ್ದು. ಡಕ್ಟ್ ಅಂದರೆ ಕಡೆಗೆ ಜಿಐ ತಗಡು ತಾನೆ? ಕ್ಲೀನ್ ಮಾಡಲು ಅದನ್ನು ಕತ್ತರಿಸಿ ಬಾಗಿಲು ಮಾಡಬೇಕು. ಕೆಲಸ ಮುಗಿದ ಮೇಲೆ ಗಾಳಿ ಸೋರದಂತೆ ಮುಚ್ಚಬೇಕು. ಇದು ಬಾರದವರು ಮುಚ್ಚಿದ ಡಕ್ಟ್ ಆರು ತಿಂಗಳಲ್ಲಿ ಸೀಟಿ ಹೊಡೆಯುತ್ತದೆ.

ನಿನಗೆ ಎರಡು ವರ್ಷದ ಅನುಭವ ಇದೆ ಅಂದೆ. ಅದು ವ್ಯರ್ಥವಲ್ಲ. ಕೆಲಸ ಮಾಡುತ್ತಾ ಕಲಿತವರ ಕೈಚಳಕ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸರ್ಕಾರದಲ್ಲೇ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಎಸಿ ಫೀಲ್ಡ್ ಟೆಕ್ನಿಷಿಯನ್ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಕೋರ್ಸ್ ಇದೆ. ಅಪ್ರೆಂಟಿಸ್ ಆಗಿ ಸೇರುವ ದಾರಿಯೂ ಇದೆ, ಸ್ಟೈಪೆಂಡ್ ಸಿಗುತ್ತದೆ, ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಸರ್ಕಾರಿ ಐಟಿಐಗೆ ಖುದ್ದಾಗಿ ಹೋಗು. ಯಾವ ಟ್ರೇಡಿನಲ್ಲಿ ಈ ವರ್ಷ ಸೀಟಿದೆ ಅಂತ ಎದುರು ಕೂತು ಕೇಳು. ಫೋನಿನಲ್ಲಿ ಬೇಡ.


ಸೋಮವಾರಪೇಟೆ ಹುಡುಗ · ಮಂಗಳವಾರ, ಮಧ್ಯಾಹ್ನ 1:15

ಮೇಸ್ತ್ರಿ ಅಣ್ಣ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಫೋನ್ ಮಾಡಿದೆ. ಪರೀಕ್ಷೆ ಅಂತ ಬೇರೆ ಇಲ್ಲವಂತೆ, 'ಹಾಜರಾತಿ ಇದ್ದರೆ ಸಾಕು' ಅಂದರು. ಸರ್ಟಿಫಿಕೇಟ್ ಕೊಡುವವರು ಯಾರು ಅಂದಿದ್ದಕ್ಕೆ 'ನಮ್ಮದೇ ಇಂಟರ್‌ನ್ಯಾಷನಲ್ ಕಂಪನಿ' ಅಂದರು. ಅಡ್ವಾನ್ಸ್ ಕಟ್ಟುತ್ತಿಲ್ಲ. ಅಮ್ಮನಿಗೂ ಹೇಳಿದೆ. ಮೆಣಸು ಅಟ್ಟದ ಮೇಲೇ ಇದೆ.

ಆದರೆ ವಿರಾಜಪೇಟೆ ಅಣ್ಣ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿದೆ. ನಿಜವಾಗಿ ನಮ್ಮ ಕಡೆ ಕೆಲಸ ಇಲ್ಲವಾ?


ರೆಸಾರ್ಟ್ ಮೆಂಟೇನೆನ್ಸ್ · ಮಂಗಳವಾರ, ಸಂಜೆ 7:40

ಇದೆ. ಆದರೆ ನೀನು ನೋಡುತ್ತಿರುವ ಜಾಗದಲ್ಲಲ್ಲ.

ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಮೆಂಟೇನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ರೂಮುಗಳಿಗೆ ಡಕ್ಟ್ ಇಲ್ಲ. ಹಾಲ್, ರೆಸ್ಟೋರೆಂಟ್, ಸ್ಪಾ, ಅಷ್ಟಕ್ಕೆ ಮಾತ್ರ. ಅದರ ಕೆಲಸ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆದರೆ ಅಡುಗೆಮನೆಯ ಹೊಗೆ ಹೊರಗೆ ಹಾಕುವ ಎಕ್ಸಾಸ್ಟ್ ಡಕ್ಟ್ ಇದೆಯಲ್ಲ, ಅದು ನನ್ನ ನಿದ್ದೆ ಕೆಡಿಸುವ ಡಕ್ಟ್. ಹುಡ್‌ನ ಫಿಲ್ಟರುಗಳನ್ನು ನಮ್ಮ ಹುಡುಗರೇ ತೊಳೆಯುತ್ತಾರೆ. ಅದರ ಮೇಲಿನ ಡಕ್ಟ್, ಮಾಡಿನ ಮೇಲಿನ ಫ್ಯಾನ್, ಇವುಗಳೊಳಗೆ ಜಿಡ್ಡು ಮೇಣದ ಹಾಗೆ ಗಟ್ಟಿ ಕೂರುತ್ತದೆ. ಅದಕ್ಕೆ ಬೆಂಗಳೂರಿನಿಂದ ಟೀಮ್ ಕರೆಸಬೇಕು. ಹೋಗಿಬರಲು 500 ಕಿಲೋಮೀಟರಿನ ಮೇಲಾಗುತ್ತದೆ. ಅವರ ಗಾಡಿ ಬಾಡಿಗೆ, ಊಟ, ವಸತಿ ಎಲ್ಲ ನಮ್ಮ ಬಿಲ್ಲಿಗೇ. ಶನಿವಾರ ಭಾನುವಾರ ನಾವು ಅಡುಗೆಮನೆ ಮುಚ್ಚುವಂತಿಲ್ಲ, ಬೇರೆ ದಿನ ಅವರಿಗೆ ಆಗುವುದಿಲ್ಲ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಸರಿಯಾಗಿ ಮಾಡುವ ಒಂದು ಟೀಮ್ ಇದ್ದರೆ ನಾನು ನಾಳೆಯೇ ಕರೆಯುತ್ತೇನೆ.


ನಾಪೋಕ್ಲು ಮೇಸ್ತ್ರಿ · ಮಂಗಳವಾರ, ರಾತ್ರಿ 9:05

ಈ ಮಾತು ನಾನೇ ಹೇಳಬೇಕು ಅಂತಿದ್ದೆ. ನನ್ನ ಕೊಡಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಅಡುಗೆಮನೆ ಎಕ್ಸಾಸ್ಟೇ.

ಎಸಿ ಡಕ್ಟಿನಲ್ಲಿ ಧೂಳು ಕೂತರೆ ಸೀನು ಬರಬಹುದು, ಗಾಳಿ ಕಡಿಮೆ ಆಗಬಹುದು. ಅಡುಗೆಮನೆ ಡಕ್ಟಿನಲ್ಲಿ ಜಿಡ್ಡು ಕೂತರೆ ಬೆಂಕಿ. ಒಲೆಯಿಂದ ಒಂದು ಜ್ವಾಲೆ ಹುಡ್ ದಾಟಿ ಮೇಲೆ ಹೋದರೆ ಸಾಕು, ಡಕ್ಟ್ ಉದ್ದಕ್ಕೂ ಹತ್ತಿಕೊಂಡು ಮಾಡಿಗೆ ಬರುತ್ತದೆ. ನಮ್ಮಲ್ಲಿ ಮಾಡು ಅಂದರೆ ಎಷ್ಟೋ ಕಡೆ ಮರದ ಪಕಾಸು, ಕೆಳಗೆ ಮರದ ಸೀಲಿಂಗ್. ಯೋಚನೆ ಮಾಡಿ.

ಇದಕ್ಕೆ ಅಮೆರಿಕದಲ್ಲಿ ಎನ್‌ಎಫ್‌ಪಿಎ 96 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಸೌದೆ, ಇದ್ದಿಲು ಉರಿಸುವ ಅಡುಗೆಮನೆಯ ಎಕ್ಸಾಸ್ಟನ್ನು ತಿಂಗಳಿಗೊಮ್ಮೆ ನೋಡಬೇಕು. ಹಗಲು ರಾತ್ರಿ ನಡೆಯುವ ದೊಡ್ಡ ಅಡುಗೆಮನೆಯಾದರೆ ಮೂರು ತಿಂಗಳಿಗೊಮ್ಮೆ. ಮಧ್ಯಮ ಆದರೆ ಆರು ತಿಂಗಳು, ಅಪರೂಪಕ್ಕೆ ಒಲೆ ಹಚ್ಚುವ ಕಡೆ ವರ್ಷಕ್ಕೊಮ್ಮೆ. ಜಿಡ್ಡಿನ ದಪ್ಪ ಅಳೆಯಲು ಬಾಚಣಿಗೆಯಂಥ ಒಂದು ಗೇಜ್ ಬರುತ್ತದೆ. 2000 ಮೈಕ್ರಾನ್, ಅಂದರೆ ಎರಡು ಮಿಲಿಮೀಟರ್ ಮುಟ್ಟಿದರೆ ಕ್ಲೀನ್ ಮಾಡಲೇಬೇಕು. ಕೊಡಗಿನಲ್ಲಿ ಇದು ಕಾನೂನಲ್ಲ, ಅಮೆರಿಕದ ಅಳತೆ. ಆದರೆ ನಾನು ನನ್ನ ಗಿರಾಕಿಗಳಿಗೆ ಇದೇ ಅಳತೆ ಹಿಡಿದು ತೋರಿಸುತ್ತೇನೆ. ಕಣ್ಣಾರೆ ನೋಡಿದ ಮೇಲೆ ಯಾರೂ ಇಲ್ಲ ಅನ್ನುವುದಿಲ್ಲ. ಪಂದಿಕರಿಯನ್ನು ಸೌದೆ ಒಲೆಯಲ್ಲೇ ಮಾಡಬೇಕು ಅಂತ ಎಷ್ಟೋ ರೆಸಾರ್ಟಿನವರು ಒಲೆ ಹಾಕಿಸಿದ್ದಾರೆ. ರುಚಿ ಹೌದು. ಆದರೆ ಸೌದೆ ಒಲೆಯ ಹೊಗೆಗೆ ಪ್ರತ್ಯೇಕ ಡಕ್ಟ್ ಇರಬೇಕು. ಕಿಡಿ ಹೋಗುವ ದಾರಿ, ಎಣ್ಣೆ ಜಿಡ್ಡು ಹೋಗುವ ದಾರಿ ಒಂದೇ ಆಗಬಾರದು. ಇದನ್ನು ನಾನು ಹೋದ ಕಡೆಯೆಲ್ಲ ಹೇಳುತ್ತೇನೆ.

ಈ ಕೆಲಸಕ್ಕೂ ಬೇರೆ ಸಂಘ ಇದೆ, ಇಕೇಕಾ ಅಂತ. ಅವರದ್ದೂ ಪರೀಕ್ಷೆ, ಸರ್ಟಿಫಿಕೇಟ್ ಇದೆ.


ವಿರಾಜಪೇಟೆ ಟೌನ್ · ಮಂಗಳವಾರ, ರಾತ್ರಿ 9:20

ಅಡುಗೆಮನೆ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮ ಬಾವನ ಹೋಟೆಲಿನ ಚಿಮಣಿ ನಾಳೆಯೇ ನೋಡಿಸಬೇಕು.


ಗೋಣಿಕೊಪ್ಪ ಅಕ್ಕ · ಬುಧವಾರ, ಬೆಳಿಗ್ಗೆ 8:30

ನಾವು ಹೋಂಸ್ಟೇ ನಡೆಸುತ್ತೇವೆ. ಮಳೆಗಾಲದಲ್ಲಿ ರೂಮಿನ ಎಸಿ ಹಾಕಿದರೆ ಬೂಷ್ಟಿನ ವಾಸನೆ. ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು, ಎಸಿ ಬಿಡುತ್ತದಾ? ಒಬ್ಬರು ಬಂದು 'ಔಷಧಿ ಫಾಗಿಂಗ್ ಮಾಡುತ್ತೇವೆ, ಎಲ್ಲ ಕ್ರಿಮಿ ಸಾಯುತ್ತದೆ, ಲೀಜನೆಲ್ಲಾ ಕಾಯಿಲೆಯೂ ಬರಲ್ಲ' ಅಂದರು. ಮಾಡಿಸಿದೆ. ಮೂರು ವಾರಕ್ಕೆ ಅದೇ ವಾಸನೆ. ಇದು ಯಾಕೆ ಹೀಗೆ?

ಇನ್ನೊಂದು ಕೇಳಬೇಕಿತ್ತು. ನನ್ನ ಮಗಳು ಡಿಪ್ಲೊಮಾ ಮಾಡುತ್ತಿದ್ದಾಳೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇದೆಯಾ?


ಓಟಿ ಸಿಸ್ಟರ್ · ಬುಧವಾರ, ಮಧ್ಯಾಹ್ನ 3:10

ಅಕ್ಕ, ಕಾಯಿಲೆ ವಿಷಯಕ್ಕೆ ನಾನು ಹೇಳುತ್ತೇನೆ. ನಾನು ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನೋಡಿಕೊಳ್ಳುವ ನರ್ಸ್. ಊರು ಸಿದ್ದಾಪುರ.

ಲೀಜನೆಲ್ಲಾ ಅನ್ನುವ ಶ್ವಾಸಕೋಶದ ಕಾಯಿಲೆ ಗೊತ್ತಾಗಿದ್ದು 1976ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ ಜನರಿಗೆ ಕಾಯಿಲೆ ಬಂದಾಗ. ಅದನ್ನು ತರುವುದು ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಕೂಲಿಂಗ್ ಟವರ್, ಶವರ್, ಬಿಸಿನೀರಿನ ಟ್ಯಾಂಕ್, ಇಂಥ ಕಡೆಯ ನೀರಿನ ಹನಿ ಉಸಿರಿನಲ್ಲಿ ಹೋದರೆ ಕಾಯಿಲೆ. ನಿಮ್ಮ ರೂಮಿನ ಸ್ಪ್ಲಿಟ್ ಎಸಿಗೆ ಹೊಗೆ ಬಿಟ್ಟು ಅದನ್ನು ತಡೆಯುತ್ತೇವೆ ಅನ್ನುವುದು ಹೆದರಿಸಿ ವ್ಯಾಪಾರ ಮಾಡಿದಂತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, ಡಕ್ಟ್ ಕ್ಲೀನಿಂಗಿನಿಂದ ಕಾಯಿಲೆ ತಡೆಯಬಹುದು ಅನ್ನುವುದು ಸಾಬೀತಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಮನೆಯ ಡಕ್ಟುಗಳನ್ನು ವರ್ಷ ವರ್ಷ ಸುಮ್ನೆ ಕ್ಲೀನ್ ಮಾಡಿಸಿ ಅಂತಲೂ ಅದು ಹೇಳುವುದಿಲ್ಲ. ಕಣ್ಣಿಗೆ ಕಾಣುವ ಬೂಷ್ಟು ಇದ್ದರೆ, ಇಲಿ ಹುಳ ಸೇರಿದ್ದರೆ, ಧೂಳು ಕಟ್ಟಿ ಗ್ರಿಲ್‌ನಿಂದ ಉದುರುತ್ತಿದ್ದರೆ ಮಾಡಿಸಿ ಅನ್ನುತ್ತದೆ.

ಆಸ್ಪತ್ರೆಯ ಮಾತು ಬೇರೆ. ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ, ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ನಿಯಮ ಇದೆ. ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು. ಹೆಪಾ ಫಿಲ್ಟರ್ ಬೇಕು. ಒಳಗೆ ಒತ್ತಡ ಹೊರಗಿನದಕ್ಕಿಂತ ಜಾಸ್ತಿ ಇರಬೇಕು, ಬಾಗಿಲು ತೆಗೆದರೆ ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ಹೆಪಾ ಅಂದರೆ 0.3 ಮೈಕ್ರಾನ್ ಕಣಗಳಲ್ಲಿ ಶೇಕಡಾ 99.97 ಭಾಗ ಹಿಡಿಯುವ ಫಿಲ್ಟರ್. ಒಂದು ಸಲ ಹೊಸದಾಗಿ ಬಂದ ಹುಡುಗ ಧೂಳು ಒರೆಸುತ್ತೇನೆ ಅಂತ ಹೆಪಾ ಫಿಲ್ಟರಿಗೆ ಬಟ್ಟೆ ಹಾಕಿದ. ಕಾಗದದಂಥ ಪದರ, ಹರಿದುಹೋಯಿತು. ಫಿಲ್ಟರ್ ಬದಲಾಯಿಸಿ, ಟೆಸ್ಟ್ ಮಾಡಿಸಿ, ಕ್ರಿಮಿ ಇಲ್ಲ ಅನ್ನುವ ಕಲ್ಚರ್ ರಿಪೋರ್ಟ್ ಬರುವವರೆಗೆ ಆ ಥಿಯೇಟರಿನ ಆಪರೇಷನ್ನುಗಳೆಲ್ಲ ಮುಂದಕ್ಕೆ ಹೋದವು. ಅದರಲ್ಲಿ ದೂರದ ಊರಿನಿಂದ ಬಂದು ಬರಿ ಹೊಟ್ಟೆಯಲ್ಲಿ ಕಾದಿದ್ದವರು ಇದ್ದರು. ಆ ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿ ಬೇಕು ಅಂತ ನಾನು ಹೇಳುವುದು ಅದಕ್ಕೆ.

ಮಗಳ ವಿಷಯ: ಖಂಡಿತ ಜಾಗ ಇದೆ ಅಕ್ಕ. ನಮ್ಮ ಥಿಯೇಟರಿನ ಗಾಳಿ ಅಳೆದು ರಿಪೋರ್ಟ್ ಕೊಡಲು ಬರುವ ಇಬ್ಬರಲ್ಲಿ ಒಬ್ಬಳು ಹುಡುಗಿ. ಏಣಿ ಹತ್ತಿ, ಮೀಟರ್ ಹಿಡಿದು, ಅವಳೇ ಬರೆದುಕೊಳ್ಳುತ್ತಾಳೆ. ಡಿಪ್ಲೊಮಾ ಇದ್ದರೆ ಪರಿಶೀಲನೆ, ಟೆಸ್ಟಿಂಗ್ ಕಡೆ ಹೋಗಬಹುದು. ಬೆಂಗಳೂರಿನಲ್ಲಿ ಇಶ್ರೆಯ ಶಾಖೆ ಇದೆ, 1981ರಿಂದ ಇರುವ ಎಸಿ ಎಂಜಿನಿಯರುಗಳ ಸಂಘ ಅದು. ಅವರ ತರಬೇತಿಗಳ ಬಗ್ಗೆ ವಿಚಾರಿಸಲು ಹೇಳಿ.


ನಾಪೋಕ್ಲು ಮೇಸ್ತ್ರಿ · ಬುಧವಾರ, ರಾತ್ರಿ 8:50

ಅಕ್ಕ, ನಿಮ್ಮ ರೂಮಿನ ವಾಸನೆಗೆ ಬರುತ್ತೇನೆ. ಕೊಡಗಿನಲ್ಲಿ ನಮ್ಮ ಶತ್ರು ಧೂಳಲ್ಲ, ತೇವ. ಎಸಿ ಕಾಯಿಲ್ ತಣ್ಣಗಿರುತ್ತದೆ, ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಕೆಳಗಿನ ಟ್ರೇಗೆ ಇಳಿಯುತ್ತದೆ. ಟ್ರೇಯ ಇಳಿಜಾರು ಸರಿ ಇಲ್ಲದಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರು, ಮೇಲೆ ಒಂದಿಷ್ಟು ಧೂಳು, ಹೊರಗೆ ಜೂನ್ ತಿಂಗಳ ಮಳೆ. ಬೂಷ್ಟಿಗೆ ಇನ್ನೇನು ಬೇಕು? ನೀವು ಫಾಗಿಂಗ್ ಮಾಡಿಸಿದಾಗ ಬೂಷ್ಟು ಸತ್ತಿರಬಹುದು. ಆದರೆ ನೀರು ಹಾಗೇ ಇತ್ತು, ಅದರ ಊಟವಾದ ಧೂಳೂ ಹಾಗೇ ಇತ್ತು. ಮತ್ತೆ ಬಂತು. ಮೊದಲು ಟ್ರೇ, ಡ್ರೇನ್ ಪೈಪ್ ಸರಿ ಮಾಡಿಸಿ. ಕಾಯಿಲ್, ಬ್ಲೋವರ್ ಎರಡನ್ನೂ ಬಿಚ್ಚಿ ತೊಳೆಸಿ. ಅತಿಥಿಗಳು ಇಲ್ಲದ ದಿನವೂ ಕಿಟಕಿ ತೆರೆಯಿರಿ.

ಇದೇ ಪಾಠ ದೊಡ್ಡ ಡಕ್ಟಿಗೂ. ಹುಡುಗ, ನೀನು ಗಮನ ಇಟ್ಟು ಓದು. ನಾನು ಹೊಸಬರಿಗೆ ಮೊದಲ ವಾರ ಹೇಳುವುದು ಇದನ್ನೇ.

ಡಕ್ಟ್ ಕ್ಲೀನಿಂಗ್ ಅಂದರೆ ಡಕ್ಟ್ ಮಾತ್ರ ಅಲ್ಲ. ಎಎಚ್‌ಯು, ಅಂದರೆ ಗಾಳಿ ಹೊರಡುವ ದೊಡ್ಡ ಪೆಟ್ಟಿಗೆ, ಅದರ ಕಾಯಿಲ್, ಬ್ಲೋವರ್, ಟ್ರೇ, ಫಿಲ್ಟರ್, ಎಲ್ಲವೂ ಸೇರಿ ಒಂದೇ ಕೆಲಸ. ಪೆಟ್ಟಿಗೆ ಕೊಳಕು ಬಿಟ್ಟು ಪೈಪು ತೊಳೆದರೆ ಮರುದಿನವೇ ಕೊಳೆ ಪೈಪಿಗೆ ಬರುತ್ತದೆ. ಕೆಲಸ ಶುರು ಮಾಡುವ ಮೊದಲು ಕರೆಂಟ್ ತೆಗೆದು, ಬೀಗ ಹಾಕಿ, ಬೀಗದ ಕೈ ನಿನ್ನ ಜೇಬಿನಲ್ಲಿಟ್ಟುಕೋ. ಒಳಗೆ ಕೈ ಇದ್ದಾಗ ಯಾರೋ ಸ್ವಿಚ್ ಹಾಕಿ ಬೆರಳು ಕಳೆದುಕೊಂಡವನನ್ನು ನಾನು ನೋಡಿದ್ದೇನೆ.

ಆಮೇಲೆ ಡ್ಯಾಂಪರುಗಳು. ಪ್ರತಿ ಕವಲಿನಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡುವ ಹಲಗೆ ಇರುತ್ತದೆ. ಅದು ಯಾವ ಕೋನದಲ್ಲಿದೆ ಅಂತ ಮಾರ್ಕರ್‌ನಲ್ಲಿ ಗುರುತು ಮಾಡಿ ಫೋಟೋ ತೆಗೆ. ಗುರುತಿಲ್ಲದೆ ತಿರುಗಿಸಿದರೆ ಒಂದು ರೂಮಿಗೆ ಚಳಿ, ಇನ್ನೊಂದಕ್ಕೆ ಸೆಕೆ. ಆಗ ಬೈಗುಳ ಡಕ್ಟ್ ಕ್ಲೀನ್ ಮಾಡಿದವರಿಗೆ.

ಗಾಳಿ ರೂಮಿಗೆ ಬರುವ ಬಾಯಿ, ಅಂದರೆ ಡಿಫ್ಯೂಸರುಗಳನ್ನು ಮುಚ್ಚಿ, ಡಕ್ಟಿನ ಒಂದು ತುದಿಗೆ ನೆಗೆಟಿವ್ ಏರ್ ಮೆಷಿನ್ ಜೋಡಿಸುತ್ತೇವೆ. ಅದು ಡಕ್ಟ್ ಒಳಗಿನ ಗಾಳಿಯನ್ನು ಎಳೆದು ಹಿಡಿಯುತ್ತದೆ. ಧೂಳು ರೂಮಿಗೆ ಬಾರದೆ ಮೆಷಿನ್ ಕಡೆಗೇ ಹೋಗುತ್ತದೆ. ಮೆಷಿನ್ ಕಟ್ಟಡದ ಒಳಗೇ ಗಾಳಿ ಬಿಡುವುದಾದರೆ ಹೆಪಾ ಫಿಲ್ಟರ್ ಇರಲೇಬೇಕು. ಈ ಎಳೆತ ಇಲ್ಲದೆ ಸುಮ್ನೆ ಬ್ರಷ್ ತಿರುಗಿಸುವುದು ಕ್ಲೀನಿಂಗ್ ಅಲ್ಲ, ಕೊಳೆಯ ಜಾಗ ಬದಲಾಯಿಸುವುದು ಅಷ್ಟೇ. ಬ್ರಷ್ ಆಗಲಿ, ಕಂಪ್ರೆಸರ್ ಗಾಳಿಯ ಚಾವಟಿ ಆಗಲಿ, ದೂರದ ತುದಿಯಿಂದ ಮೆಷಿನ್ ಕಡೆಗೆ ತರಬೇಕು. ಫ್ಲೆಕ್ಸಿಬಲ್ ಡಕ್ಟಿಗೆ ಗಟ್ಟಿ ಬ್ರಷ್ ಹಾಕಬೇಡ, ಹರಿಯುತ್ತದೆ. ಒಳಗೆ ಗ್ಲಾಸ್‌ವುಲ್ ಹಾಸಿ ಅದು ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಕ್ಲೀನ್ ಮಾಡುತ್ತೇನೆ ಅಂತ ಒಪ್ಪಿಕೊಳ್ಳಬೇಡ. ಅದನ್ನು ತೆಗೆದು ಹೊಸದು ಹಾಕಬೇಕು ಅಂತ ಮುಖಕ್ಕೆ ಹೇಳು. ಕೆಲಸ ಹೋದರೂ ಪರವಾಗಿಲ್ಲ.

ಕತ್ತರಿಸಿದ ಬಾಗಿಲು ಮುಚ್ಚಿದ ಮೇಲೆ ಇನ್ಸುಲೇಷನ್ ಮೊದಲಿನ ಹಾಗೇ ಹಾಕಬೇಕು. ಒಂದು ಅಂಗೈ ಅಗಲ ಬಿಟ್ಟರೂ ಸಾಕು, ನಮ್ಮ ಹವೆಗೆ ಅಲ್ಲಿ ನೀರು ಹನಿಗಟ್ಟಿ ಸೀಲಿಂಗ್ ಮೇಲೆ ತೊಟ್ಟಿಕ್ಕುತ್ತದೆ. ಬೆಂಗಳೂರಿನ ಟೀಮುಗಳು ಇಲ್ಲಿ ಎಡವುವುದು ಇದರಲ್ಲೇ.

ಕೊನೆಗೆ ತೋರಿಸಬೇಕಾಗಿದ್ದು. ಮೊದಲಿನ ಫೋಟೋ, ಆಮೇಲಿನ ಫೋಟೋ, ಅದೇ ಜಾಗ, ಅದೇ ಕೋನ. ಕಣ್ಣಿಗೆ ಚೆನ್ನಾಗಿ ಕಂಡರೂ ಅನುಮಾನ ಇದ್ದರೆ ನ್ಯಾಡ್ಕಾದ ವ್ಯಾಕ್ಯೂಮ್ ಟೆಸ್ಟ್ ಇದೆ. ಕ್ಲೀನ್ ಆದ ತಗಡಿನ 100 ಚದರ ಸೆಂಟಿಮೀಟರಿನಲ್ಲಿ ಉಳಿದ ಧೂಳು 0.75 ಮಿಲಿಗ್ರಾಂ ದಾಟಬಾರದು. ಇದೆಲ್ಲ ಅವರ ಎಸಿಆರ್ ಮಾನದಂಡದಲ್ಲಿದೆ. ಇಂಗ್ಲಿಷಿನಲ್ಲಿದೆ ಅಂತ ಹೆದರಬೇಡ. ದಿನಕ್ಕೆ ಎರಡು ಪುಟ ಓದು, ತಿಳಿಯದಿದ್ದರೆ ಇಲ್ಲಿ ಕೇಳು.


ಕ್ಯೂರಿಂಗ್ ವರ್ಕ್ಸ್ · ಗುರುವಾರ, ಬೆಳಿಗ್ಗೆ 7:15

ಕುಶಾಲನಗರ ಕಡೆ, ಕಾಫಿ ಬೀಜದ ಹೊಟ್ಟು ಬಿಡಿಸುವ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲೂ ಡಕ್ಟ್ ಇದೆ, ಹೊಟ್ಟು ಧೂಳು ಎಳೆಯುವುದು. ಆದರೆ ಹುಷಾರು. ಇದು ಎಸಿ ಡಕ್ಟ್ ಅಲ್ಲ. ಒಣ ಹೊಟ್ಟಿನ ಧೂಳು ಗಾಳಿಯಲ್ಲಿ ತೇಲುವಾಗ ಒಂದು ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ. ಸಾಮಾನ್ಯ ವ್ಯಾಕ್ಯೂಮ್ ತಂದು ಹಚ್ಚುವಂತಿಲ್ಲ. ಕಂಪ್ರೆಸರ್ ಗಾಳಿ ಹೊಡೆದು ಧೂಳು ಎಬ್ಬಿಸುವಂತಿಲ್ಲ. ಎಸಿ ಡಕ್ಟ್ ಕಲಿತೆ ಅಂತ ನಮ್ಮ ಫ್ಯಾಕ್ಟರಿ ಕೆಲಸ ಒಪ್ಪಿಕೊಳ್ಳಬೇಡ ತಮ್ಮ. ಅದಕ್ಕೆ ಬೇರೆ ಕಲಿಕೆ.


ರೆಸಾರ್ಟ್ ಮೆಂಟೇನೆನ್ಸ್ · ಗುರುವಾರ, ಮಧ್ಯಾಹ್ನ 12:20

ಹುಡುಗ, ಮುಂದಿನ ಮಂಗಳವಾರ ನಮ್ಮಲ್ಲಿ ಗೆಸ್ಟ್ ಕಡಿಮೆ. ಮೇಸ್ತ್ರಿಗಳು ಕಿಚನ್ ಎಕ್ಸಾಸ್ಟ್ ನೋಡಲು ಬರುತ್ತಾರೆ ಅಂತ ಈಗ ಮಾತಾಯಿತು. ನೀನೂ ಬಾ. ದುಡ್ಡು ಬೇಡ, ಊಟ ನಮ್ಮಲ್ಲೇ. ನಿಮ್ಮಣ್ಣನಿಗೆ ಹೇಳಿ ರಜೆ ತೆಗೆದುಕೋ.


ಗಲ್ಫ್ ರಿಟರ್ನ್ · ಗುರುವಾರ, ಸಂಜೆ 6:00

ಗಲ್ಫ್ ಅಂದ ತಕ್ಷಣ ದುಡ್ಡು ಕೇಳುವವರ ಬಗ್ಗೆ ಒಂದು ಮಾತು. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಾಸ್ತಿ ಅಂದರೆ 30 ಸಾವಿರ ಮತ್ತು ಜಿಎಸ್‌ಟಿ. ರಸೀದಿ ಕೊಡಬೇಕು. ಏಜೆಂಟಿನ ಹೆಸರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಇದೆಯಾ ಅಂತ ನೋಡಿ. ತರಬೇತಿ ಕೊಟ್ಟು 'ಕೆಲಸ ಗ್ಯಾರಂಟಿ' ಅನ್ನುವವರ ಹೆಸರು ಅಲ್ಲಿ ಇಲ್ಲದಿದ್ದರೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ.


ಸೋಮವಾರಪೇಟೆ ಹುಡುಗ · ಮುಂದಿನ ಬುಧವಾರ, ರಾತ್ರಿ 9:55

ನಿನ್ನೆ ಹೋಗಿ ಬಂದೆ. ನಿನ್ನೆಯೇ ಬರೆಯಬೇಕು ಅಂತಿದ್ದೆ, ಮನೆಗೆ ಬಂದ ಕೂಡಲೇ ನಿದ್ದೆ ಬಂದುಬಿಟ್ಟಿತು.

ಮಾಡಿನ ಮೇಲೆ ಹತ್ತಿ ಫ್ಯಾನ್ ಬಿಚ್ಚಿದೆವು. ಒಳಗೆ ಕಪ್ಪು, ಹೊಳೆಯುವ ಜಿಡ್ಡು. ಮೇಸ್ತ್ರಿ ಅಣ್ಣ ಗೇಜ್ ಕೈಗೆ ಕೊಟ್ಟು 'ನೀನೇ ಅಳೆ' ಅಂದರು. ಹುಡ್ ಹತ್ತಿರ ಪರವಾಗಿರಲಿಲ್ಲ. ಡಕ್ಟ್ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಎರಡು ಮಿಲಿಮೀಟರಿನ ಗುರುತು ಮುಳುಗಿಹೋಯಿತು. ಅಲ್ಲಿಗೆ ಬ್ರಷ್ ತಲುಪಿಸಲು ಬಾಗಿಲೇ ಇಟ್ಟಿರಲಿಲ್ಲ. ಅಂದರೆ ಕಟ್ಟಿದ ದಿನದಿಂದ ಆ ತಿರುವನ್ನು ಯಾರೂ ನೋಡಿಲ್ಲ. ನಾವು ಕೆಳಗೆ ನಿಂತು ಊಟ ಮಾಡುತ್ತೇವೆ, ಮೇಲೆ ಹೀಗಿರುತ್ತದೆ ಅಂತ ಗೊತ್ತೇ ಇರಲಿಲ್ಲ.

ತಗಡು ಕತ್ತರಿಸಿ ಬಾಗಿಲು ಮಾಡುವುದನ್ನು ಮೇಸ್ತ್ರಿ ಅಣ್ಣ ಮಾಡಿದರು. ಎರಡನೆಯದು ನನಗೆ ಕೊಟ್ಟರು. ನನ್ನದು ಸೊಟ್ಟ ಆಯಿತು. ಅವರು ಬೈಯಲಿಲ್ಲ. ಅಂಚು ಮಡಿಸಿ ಸರಿ ಮಾಡುವುದು ಹೇಗೆ ಅಂತ ತೋರಿಸಿದರು. ಆವಾಗ ಮೇಷ್ಟ್ರು ಶೀಟ್ ಮೆಟಲ್ ಬಗ್ಗೆ ಹೇಳಿದ್ದು ನೆನಪಾಯಿತು.

ಇವತ್ತು ಮೈಸೂರಿಗೆ ಹೋಗಿ ಐಟಿಐಯಲ್ಲಿ ವಿಚಾರಿಸಿದೆ. ಅರ್ಜಿ ಹಾಕುತ್ತಿದ್ದೇನೆ. ರಜಾದಿನ ಮೇಸ್ತ್ರಿ ಅಣ್ಣನ ಟೀಮಿನಲ್ಲಿ ಕೆಲಸ. ಎರಡು ವರ್ಷ ಆದಮೇಲೆ ಎಎಸ್‌ಸಿಎಸ್. ಅಮ್ಮನಿಗೆ ಎಲ್ಲ ಹೇಳಿದೆ. ಮೆಣಸು ಮಾರಿದರೂ ಅದು ಐಟಿಐ ಫೀಸಿಗೆ, ಮತ್ತೆ ನನ್ನ ಮಾಸ್ಕಿಗೆ ಅಂದರು.

ಮೇಸ್ತ್ರಿ ಅಣ್ಣ, ಭಾನುವಾರ ಬರುವಾಗ ನಾನು ಏನೇನು ತರಬೇಕು?


ನಾಪೋಕ್ಲು ಮೇಸ್ತ್ರಿ · ಬುಧವಾರ, ರಾತ್ರಿ 10:20

ಅಡುಗೆಮನೆ ಜಿಡ್ಡಿಗೆ ಕಾಸ್ಟಿಕ್ ಹಾಕುತ್ತೇವೆ, ಅದಕ್ಕೆ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ಮತ್ತು ಕಣ್ಣಿಗೆ ಗಾಗಲ್ಸ್ ನಾನು ಕೊಡುತ್ತೇನೆ. ಮಾಸ್ಕ್ ಮಾತ್ರ ನಿನ್ನ ಮುಖಕ್ಕೆ ಸರಿಯಾಗಿ ಕೂರುವುದನ್ನು ನೀನೇ ನೋಡಿ ತೆಗೆದುಕೋ, ಗಡ್ಡ ಬೋಳಿಸಿಕೊಂಡು ಬಾ, ಇಲ್ಲದಿದ್ದರೆ ಅಂಚಿನಿಂದ ಗಾಳಿ ಒಳಗೆ ಬರುತ್ತದೆ. ಜಾರದ ಬೂಟು. ಒಂದು ಒಳ್ಳೆ ಟಾರ್ಚ್. ಒಂದು ನೋಟ್‌ಬುಕ್.

ಏಳೂವರೆಗೆ ಸುಂಟಿಕೊಪ್ಪ ಬಸ್ ಸ್ಟಾಂಡಿನಲ್ಲಿ ನಿಂತಿರು. ಗಾಡಿ ಅಲ್ಲಿಗೇ ಬರುತ್ತದೆ.